ನೆಲದಡಿಯ ಸ್ಫೋಟಕ್ಕೆ ಕಲ್ಲೇ ಸಾಕ್ಷಿ

ಕಗ್ಗಲ್ಲಿನ ಮೇಲೆ ಸುತ್ತಿಗೆಯಿಂದ ಬಲವಾಗಿ ಹೊಡೆದರೆ ಪಕ್ಕದಲ್ಲಿ ನಿಂತವರ ಕಾಲಿಗೂ ಅದುರು ತಟ್ಟುತ್ತದೆ. ಅದೇ ಪೆಟ್ಟು ಹೊಯ್ಗೆಯ ರಾಶಿಗೆ ಬಿದ್ದರೆ ಅಲ್ಲಿಯೇ ಅಡಗುತ್ತದೆ. ಭೂಗರ್ಭದಲ್ಲಿ ಸಿಡಿಸುವ ಅಣುಬಾಂಬಿಗೂ ಇದೇ ನಿಯಮ. ಇದನ್ನು ಮರೆತರೆ ಎರಡು ದೇಶಗಳ ನಡುವೆ ಎಂತಹ ಸಂಶಯ ಹುಟ್ಟಬಹುದೆಂಬುದಕ್ಕೆ ಇತಿಹಾಸದಲ್ಲಿ ನಿದರ್ಶನವಿದೆ.

150 ಕಿಲೋಟನ್ನಿಗಿಂತ ಮಿಗಿಲಾದ ಸ್ಫೋಟವನ್ನು ನೆಲದಡಿಯಲ್ಲಿ ನಡೆಸಕೂಡದೆಂದು ಅಮೆರಿಕ ಮತ್ತು ಸೋವಿಯತ್ ರಶ್ಯ 1974ರಲ್ಲಿ ಸಹಿ ಹಾಕಿದವು. ಎದುರಾಳಿ ಮಾತಿಗೆ ತಪ್ಪಿಲ್ಲವೆಂದು ತಿಳಿಯಲು ಇದ್ದ ಮುಖ್ಯ ಸಾಧನ, ದೂರದಲ್ಲಿಟ್ಟ ಭೂಕಂಪಮಾಪಕ.

ಆದರೆ ಆ ಯಂತ್ರ ಅಳೆಯುವುದು ಕಂಪನವನ್ನು, ಬಾಂಬಿನ ಬಲವನ್ನಲ್ಲ. ನಡುವೆ ಇರುವುದು ಕಲ್ಲು. ಒಣಗಿದ, ರಂಧ್ರಗಳಿರುವ ಮೆಕ್ಕಲಿನಲ್ಲಿ ಶಕ್ತಿಯ ದೊಡ್ಡ ಪಾಲು ಆ ರಂಧ್ರಗಳನ್ನು ಜಜ್ಜುವುದರಲ್ಲೇ ವ್ಯಯವಾಗುತ್ತದೆ. ಗಟ್ಟಿಯಾದ ಗ್ರಾನೈಟಿನಿಂದಲೂ ನೀರುಂಡ ಕಲ್ಲಿನಿಂದಲೂ ಬಲವಾದ ಅಲೆಗಳು ಹೊರಡುತ್ತವೆ.

ಪೊಳ್ಳು ಜಾಗವಿದ್ದರಂತೂ ಕಂಪನ ತೀರ ಕುಗ್ಗುತ್ತದೆ. ಅಮೆರಿಕದ ಮಿಸಿಸಿಪಿಯ ಉಪ್ಪಿನ ಬಂಡೆಯಲ್ಲಿ 1964ರಲ್ಲಿ 5.3 ಕಿಲೋಟನ್ ಬಾಂಬು ಸಿಡಿದು ಒಂದು ಗುಹೆಯಾಯಿತು. ಅದೇ ಗುಹೆಯಲ್ಲಿ 1966ರಲ್ಲಿ 0.38 ಕಿಲೋಟನ್ ಬಾಂಬು ಸಿಡಿಸಿದಾಗ, ಗಟ್ಟಿ ಉಪ್ಪಿನಲ್ಲಿ ಹುಗಿದಿದ್ದರೆ ಬರುತ್ತಿದ್ದ ಕಂಪನದ ಸುಮಾರು ಎಪ್ಪತ್ತರಲ್ಲೊಂದು ಪಾಲು ಮಾತ್ರ ಕಂಡುಬಂತು.

ಸ್ಫೋಟದ ಸ್ಥಳದ ಕಲ್ಲಷ್ಟೇ ಅಲ್ಲ, ಅದರ ಕೆಳಗಿನ ಆಳದ ಸ್ತರವೂ ಮುಖ್ಯ. ಅಮೆರಿಕದ ಪರೀಕ್ಷಾ ನೆಲವಾದ ನೆವಾಡದ ಅಡಿಯಲ್ಲಿ ಆ ಸ್ತರ ಹೆಚ್ಚು ಬಿಸಿ. ಹಾದುಹೋಗುವ ಅಲೆಯನ್ನು ಅದು ಹೀರುತ್ತದೆ. ರಶ್ಯದ ಪರೀಕ್ಷೆಗಳು ನಡೆದ ಕಜಕಸ್ತಾನದ ಸೆಮಿಪಲಾಟಿನ್ಸ್ಕಿನ ನೆಲ ಪುರಾತನ, ತಂಪು, ಗಟ್ಟಿ. ಆದುದರಿಂದ ಒಂದೇ ಬಲದ ಬಾಂಬಿಗೆ ಅಲ್ಲಿನ ಕಂಪನ ಸುಮಾರು ಇಮ್ಮಡಿ. ನೆವಾಡದ ಲೆಕ್ಕವನ್ನು ಅಲ್ಲಿಗೆ ಹಚ್ಚಿದರೆ, ಮಿತಿಯೊಳಗಿನ ಬಾಂಬೂ ಮಿತಿ ಮೀರಿದಂತೆ ಕಾಣುತ್ತದೆ!

1980ರ ದಶಕದಲ್ಲಿ ಅಮೆರಿಕದ ಸರಕಾರ, ರಶ್ಯ ಒಪ್ಪಂದವನ್ನು ಮುರಿದಿರುವ ಸಂಭವವಿದೆಯೆಂದು ಆರೋಪಿಸಿತು. ಕಲ್ಲಿನ ಈ ವ್ಯತ್ಯಾಸವನ್ನು ಮುಂದಿಟ್ಟು ಹಲವು ಭೂಕಂಪ ವಿಜ್ಞಾನಿಗಳು ಒಪ್ಪಲಿಲ್ಲ. ಕೊನೆಗೆ 1988ರಲ್ಲಿ ಎರಡೂ ದೇಶಗಳ ತಜ್ಞರು ಪರಸ್ಪರರ ನೆಲಕ್ಕೆ ಹೋಗಿ ಒಂದೊಂದು ಸ್ಫೋಟವನ್ನು ಹತ್ತಿರದಿಂದಲೇ ಅಳೆದರು. 1990ರಲ್ಲಿ ಒಪ್ಪಂದ ಜಾರಿಗೆ ಬಂತು.

ನಮ್ಮ ಕರ್ನಾಟಕದ ಗೌರಿಬಿದನೂರಿನಲ್ಲೂ 1960ರ ದಶಕದಿಂದ ಇಂತಹ ಕಂಪನಗಳಿಗೆ ಕಿವಿಗೊಟ್ಟಿರುವ ಕೇಂದ್ರವಿದೆ. ಅದನ್ನು ಸ್ಥಾಪಿಸಿದ್ದೂ ಗಟ್ಟಿ ಶಿಲೆಯ ನಾಡಿನಲ್ಲೇ. ದೂರದ ಸದ್ದನ್ನು ತೂಗುವ ಮೊದಲು ಅದು ಹಾದುಬಂದ ನೆಲವನ್ನು ಅರಿಯಬೇಕು. ಇಲ್ಲವಾದರೆ ಯಂತ್ರ ನಿಜ ಹೇಳಿದರೂ ನಾವು ತಪ್ಪಾಗಿ ಕೇಳಿಸಿಕೊಂಡೇವು.