ಚುಕ್ಕೆ ಮಾಯವಾಯಿತೆಂದು ಔಷಧಿ ನಿಲ್ಲಿಸಬೇಡಿ

ಅಕ್ವೇರಿಯಂನ ಮೀನಿನ ಮೈಮೇಲೆ ಬಿಳಿ ಚುಕ್ಕೆಗಳು ಎದ್ದಾಗ ಮನೆಮಂದಿಯೆಲ್ಲ ಗಾಬರಿಯಾಗುತ್ತಾರೆ. ಎರಡು ಮೂರು ದಿನಗಳಲ್ಲಿ ಅವು ಉದುರಿಹೋದರೆ ‘ಸದ್ಯ, ವಾಸಿಯಾಯಿತು’ ಎಂದು ನಿರಾಳವಾಗುತ್ತಾರೆ. ನಿಜಕ್ಕೂ ಗಾಬರಿಯಾಗಬೇಕಾದದ್ದು ಈ ಎರಡನೆಯ ಹಂತದಲ್ಲಿ. ಉದುರಿದ ಒಂದೊಂದು ಚುಕ್ಕೆಯೂ ಆ ಹೊತ್ತಿಗೆ ತೊಟ್ಟಿಯ ತಳದ ಜಲ್ಲಿಯಲ್ಲಿ ಕೂತು ನೂರಾರು ಮರಿಗಳಾಗಿ ಒಡೆಯುತ್ತಿರುತ್ತದೆ.

ಮೀನು ಸಾಕುವವರು ‘ವೈಟ್ ಸ್ಪಾಟ್’ ಅಥವಾ ‘ಇಕ್’ ಎನ್ನುವ ಈ ರೋಗಕ್ಕೆ ಕಾರಣ ಇಕ್ತಿಯೊಫ್ತಿರಿಯಸ್ ಮಲ್ಟಿಫಿಲಿಯಿಸ್ ಎಂಬ ಪರಾವಲಂಬಿ. ರವೆಯ ಕಾಳಿನಂತೆ ಕಾಣುವ ಪ್ರತಿ ಚುಕ್ಕೆಯೊಳಗೂ ಸಾಮಾನ್ಯವಾಗಿ ಒಂದೇ ಜೀವಿ, ಅದೂ ಏಕಕೋಶ ಜೀವಿ. ಮೈತುಂಬ ಸೂಕ್ಷ್ಮ ಲೋಮಗಳು. ಬೆಳೆದಾಗ ಸುಮಾರು 1 ಮಿಲಿಮೀಟರ್ ಗಾತ್ರಕ್ಕೆ ಬರುವುದರಿಂದ ಸೂಕ್ಷ್ಮದರ್ಶಕವಿಲ್ಲದೆಯೂ ನೋಡಬಹುದು. ಒಂಟಿ ಜೀವಕೋಶವೊಂದನ್ನು ಬರಿಗಣ್ಣಿನಿಂದ ನೋಡುವ ಅವಕಾಶ ಎಷ್ಟು ಜನರಿಗೆ ಸಿಗುತ್ತದೆ ಹೇಳಿ! ಮೀನಿಗೆ ಮಾತ್ರ ಇದರಿಂದ ಸಂತೋಷವಿಲ್ಲ.

ಅದು ಮೀನಿನ ಚರ್ಮದ ಮೇಲೆ ಕೂತಿರುವುದಿಲ್ಲ, ಹೊರಪದರದ ಅಡಿಗೆ ಕೊರೆದುಕೊಂಡು ಹೋಗಿ ಅಲ್ಲೇ ಮೇಯುತ್ತಿರುತ್ತದೆ. ಮೀನಿನ ಚರ್ಮವೇ ಅದಕ್ಕೆ ಸೂರು. ಹಾಗಾಗಿ ನೀರಿಗೆ ಯಾವ ಔಷಧಿ ಸುರಿದರೂ ಅಲ್ಲಿಗೆ ತಲುಪುವುದಿಲ್ಲ. ಹೊಟ್ಟೆ ತುಂಬಿದ ಮೇಲೆ ಚರ್ಮ ಸೀಳಿಕೊಂಡು ಹೊರಬಂದು, ಕಲ್ಲಿಗೋ ಗಿಡಕ್ಕೋ ಅಂಟಿ, ಸುತ್ತ ಗಟ್ಟಿ ಕೋಶ ಕಟ್ಟಿಕೊಂಡು ಒಳಗೇ ಇಬ್ಭಾಗವಾಗುತ್ತ ಹೋಗುತ್ತದೆ. ಆ ಕೋಶದೊಳಕ್ಕೂ ಔಷಧಿ ಸುಲಭವಾಗಿ ಇಳಿಯದು. ಕೊನೆಗೆ ಕೋಶ ಒಡೆದು ನೂರಾರು, ಕೆಲವೊಮ್ಮೆ ಸಾವಿರದಷ್ಟು ಮರಿಗಳು ಈಜುತ್ತ ಹೊರಬೀಳುತ್ತವೆ. ಒಂದೆರಡು ದಿನಗಳೊಳಗೆ ಅವಕ್ಕೊಂದು ಮೀನು ಸಿಗಲೇಬೇಕು, ಇಲ್ಲದಿದ್ದರೆ ಸಾಯುತ್ತವೆ. ಉಪ್ಪಾಗಲಿ ಮ್ಯಾಲಕೈಟ್ ಗ್ರೀನ್ ಎಂಬ ಔಷಧಿಯಾಗಲಿ ಅವನ್ನು ಕೊಲ್ಲುವುದು ಈ ಬೆತ್ತಲೆ ಈಜಿನ ಅವಧಿಯಲ್ಲಿ ಮಾತ್ರ. ಅಂದರೆ ಚಿಕಿತ್ಸೆ ನಡೆಯಬೇಕಾದದ್ದು ತೊಟ್ಟಿಗೆ.

ಈ ಚಕ್ರದ ವೇಗವನ್ನು ನಿರ್ಧರಿಸುವುದು ನೀರಿನ ಉಷ್ಣತೆ. 25 ಡಿಗ್ರಿಯಲ್ಲಿ ಒಂದು ಸುತ್ತು ವಾರದೊಳಗೆ ಮುಗಿದರೆ, 10 ಡಿಗ್ರಿಯಲ್ಲಿ ತಿಂಗಳು ದಾಟುತ್ತದೆ. ಅದಕ್ಕೇ ಅನುಭವಿಗಳು ಹೀಟರ್ ಹಾಕಿ ನೀರನ್ನು ಮೆಲ್ಲಗೆ 28–30 ಡಿಗ್ರಿಗೆ ಏರಿಸುತ್ತಾರೆ. ಪರಾವಲಂಬಿ ಬೇಗ ಉದುರುತ್ತದೆ, ಮರಿಗಳು ಬೇಗ ಹೊರಬಂದು ಔಷಧಿಗೆ ಸಿಗುತ್ತವೆ. ಆದರೆ ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ: 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಹಿಡಿಯುವ ನೀರು 30ರಲ್ಲಿ 7.5 ಮಾತ್ರ ಹಿಡಿಯುತ್ತದೆ. ಈ ಪರಾವಲಂಬಿ ಮೈಗಷ್ಟೇ ಅಲ್ಲ, ಕಿವಿರಿಗೂ ನುಗ್ಗಿರುತ್ತದೆ. ಮೊದಲೇ ಏದುಸಿರು ಬಿಡುತ್ತಿರುವ ಮೀನಿಗೆ ಈ ಕೊರತೆ ತಡೆಯದು. ಹೀಟರ್ ಜೊತೆಗೆ ಏರ್ ಪಂಪನ್ನೂ ಹಗಲಿರುಳು ಓಡಿಸಲೇಬೇಕು. ತಣ್ಣೀರಿನ ಮೀನಾದ ಗೋಲ್ಡ್ ಫಿಶ್‌ಗೆ ಇಷ್ಟು ಬಿಸಿ ಒಳ್ಳೆಯದಲ್ಲ.

ನನ್ನ ಮೆಚ್ಚಿನ ಔಷಧಿ ಉಪ್ಪು, ಅಯೋಡಿನ್ ಸೇರಿಸದ ಕಲ್ಲುಪ್ಪು. 60 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರದ ತೊಟ್ಟಿ ಲೆಕ್ಕಕ್ಕೆ 54 ಲೀಟರ್. ಜಲ್ಲಿ, ಖಾಲಿ ಬಿಟ್ಟ ಜಾಗ ಕಳೆದರೆ 45 ಎನ್ನಿ. ಲೀಟರಿಗೆ 2 ಗ್ರಾಂನಂತೆ 90 ಗ್ರಾಂ ಉಪ್ಪನ್ನು ಬೇರೆ ನೀರಿನಲ್ಲಿ ಕರಗಿಸಿ, ಒಂದು ದಿನದಲ್ಲಿ ಮೂರು ನಾಲ್ಕು ಕಂತಾಗಿ ಸೇರಿಸಬೇಕು. ಸಿಹಿನೀರಿನ ಮೀನಿನ ಮೈಯೊಳಕ್ಕೆ ನೀರು ಸದಾ ಜಿನುಗುತ್ತಲೇ ಇರುತ್ತದೆ, ಅದನ್ನು ಮೂತ್ರಪಿಂಡ ಹೊರಹಾಕುತ್ತಲೇ ಇರುತ್ತದೆ. ಚರ್ಮ ತೂತಾದಾಗ ಈ ದುಡಿಮೆ ಹೆಚ್ಚುತ್ತದೆ. ಉಪ್ಪು ಅದನ್ನೂ ಹಗುರ ಮಾಡುತ್ತದೆ. ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ. ಹಾಗಾಗಿ ಇಳಿದ ಮಟ್ಟ ತುಂಬಲು ಬರೀ ನೀರು ಹಾಕಿ, ಹೊರಚೆಲ್ಲಿದ ನೀರಿಗಷ್ಟೇ ಉಪ್ಪು ಸೇರಿಸಿ. ಹುರುಪೆಯಿಲ್ಲದ ಕ್ಯಾಟ್‌ಫಿಶ್, ಲೋಚ್ ಇದ್ದರೆ ಪ್ರಮಾಣ ಇಳಿಸಬೇಕು. ಗಿಡಗಳಿಗೂ ಉಪ್ಪು ಆಗಿಬರುವುದಿಲ್ಲ. ಮ್ಯಾಲಕೈಟ್ ಗ್ರೀನ್ ಬಳಸುವುದಾದರೆ ಕೈಗವಸು ತೊಡಿ. ತಿನ್ನುವ ಮೀನಿಗೆ ಅದನ್ನು ಬಳಸದಂತೆ ಹಲವು ದೇಶಗಳು ನಿಷೇಧಿಸಿವೆ. ಫಿಲ್ಟರಿನಲ್ಲಿ ಇದ್ದಿಲು ಇದ್ದರೆ ತೆಗೆದಿಡಿ, ಇಲ್ಲವಾದರೆ ಅದು ಔಷಧಿಯನ್ನೇ ಹೀರಿಕೊಳ್ಳುತ್ತದೆ. ಕೆಲವರು ಕೊಡುವ ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್ ಈ ರೋಗಕ್ಕೆ ದಂಡ, ಅದು ಬ್ಯಾಕ್ಟೀರಿಯಾಗಳ ಮದ್ದು. ಯಾವ ಮದ್ದಾದರೂ, ಕೊನೆಯ ಚುಕ್ಕೆ ಹೋದ ಮೇಲೂ ವಾರದಷ್ಟು ಕಾಲ ಮುಂದುವರಿಸಬೇಕು.

ಇಷ್ಟೆಲ್ಲ ಮಾಡುವ ಮೊದಲು ರೋಗ ಇದೇ ಹೌದೇ ಎಂದು ನೋಡಬೇಕಲ್ಲ. ಗಂಡು ಗೋಲ್ಡ್ ಫಿಶ್‌ಗೆ ಕಿವಿರ ಮುಚ್ಚಳದ ಮೇಲೆ, ಎದೆಯ ಈಜುರೆಕ್ಕೆಯ ಮುಂದಿನ ಅಂಚಿನಲ್ಲಿ ಮಾತ್ರ ಸಾಲಾಗಿ ಬಿಳಿ ಚುಕ್ಕೆ ಎದ್ದಿದ್ದರೆ ಅದು ಹರೆಯದ ಗುರುತು, ಸುಮ್ಮನೆ ಬಿಡಿ. ಹತ್ತಿಯಂಥ ಎಳೆಗಳಿದ್ದರೆ ಶಿಲೀಂಧ್ರವೋ ಬ್ಯಾಕ್ಟೀರಿಯಾವೋ ಇರಬೇಕು. ಚಿನ್ನದ ಪುಡಿ ಉದುರಿಸಿದಂತಿದ್ದರೆ ‘ವೆಲ್ವೆಟ್’ ಎಂಬ ಬೇರೆಯದೇ ಪರಾವಲಂಬಿ. ಚುಕ್ಕೆಯೇ ಇಲ್ಲದೆ ಎಲ್ಲ ಮೀನುಗಳೂ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದರೆ ಔಷಧಿಯ ಬಾಟಲಿ ಮುಟ್ಟದೆ ಮೊದಲು ಅಮೋನಿಯಾ ಪರೀಕ್ಷಿಸಿ. ಅಮೋನಿಯಾವನ್ನು ಅರಗಿಸುವ ಬ್ಯಾಕ್ಟೀರಿಯಾಗಳು ಹೊಸ ತೊಟ್ಟಿಯಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಪಿಎಚ್ 7ರ ನೀರಿನಲ್ಲಿ ಒಟ್ಟು ಅಮೋನಿಯಾದ ಅರ್ಧ ಶೇಕಡಾ ಮಾತ್ರ ವಿಷರೂಪದಲ್ಲಿದ್ದರೆ, ಪಿಎಚ್ 8ರಲ್ಲಿ ಅದು ಶೇಕಡಾ 5ರಷ್ಟು. ನಿಮ್ಮ ಬೋರ್‌ವೆಲ್ ನೀರಿನ ಪಿಎಚ್ ಎಷ್ಟೆಂದು ತಿಳಿದಿರುವುದು ಒಳ್ಳೆಯದು. ಅಮೋನಿಯಾ ಏರಿದ್ದರೆ ಬೇಕಾದ ಚಿಕಿತ್ಸೆ ಕಾಲುಭಾಗ ನೀರು ಬದಲಿಸುವುದು ಮತ್ತು ಊಟ ನಿಲ್ಲಿಸುವುದು. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯದೆ ಸುರಿಯಬೇಡಿ, ಕಿವಿರು ಸುಡುತ್ತದೆ.

ಚುಕ್ಕೆ ರೋಗದಿಂದ ಬದುಕುಳಿದ ಮೀನಿಗೆ ರೋಗನಿರೋಧಕ ಶಕ್ತಿ ಬರುತ್ತದೆ, ಮುಂದಿನ ಸಲ ಪರಾವಲಂಬಿ ಅದರ ಮೈಯಲ್ಲಿ ನೆಲೆ ನಿಲ್ಲುವುದು ಕಷ್ಟ. ಆದರೆ ಹೊಸದಾಗಿ ತಂದ ಮೀನು ಆರೋಗ್ಯವಾಗಿಯೇ ಕಂಡರೂ ಕಿವಿರಿನಲ್ಲಿ ಒಂದೆರಡನ್ನು ಹೊತ್ತು ತಂದಿರಬಹುದು. ಅದನ್ನು ಎರಡರಿಂದ ನಾಲ್ಕು ವಾರ ಬೇರೆ ತೊಟ್ಟಿಯಲ್ಲಿ ಇರಿಸಿ. ಅಂಗಡಿಯ ಚೀಲದ ನೀರನ್ನು ಚರಂಡಿಗೆ ಚೆಲ್ಲಿ. ಮೀನು ಹಿಡಿಯುವ ಬಲೆಯನ್ನು ಪ್ರತಿ ಸಲವೂ ಪೂರ್ತಿ ಒಣಗಿಸಿ. ಒಣಗಿದ ಬಲೆಯಲ್ಲಿ ಈ ಜೀವಿ ಬದುಕುವುದಿಲ್ಲ.