ವಾಷಿಂಗ್ ಮೆಷಿನ್ ಅಬ್ಬರಿಸುತ್ತಿದೆಯೇ? ಮೊದಲು ಕಿವಿಗೊಟ್ಟು ಕೇಳಿ

ಬಾವಿಕಟ್ಟೆಯ ಬಳಿಯ ಒಗೆಯುವ ಕಲ್ಲು ಇಂದು ಅನೇಕ ಮನೆಗಳಲ್ಲಿ ಪಾಚಿ ಹಿಡಿದು ಮೂಲೆ ಸೇರಿದೆ. ಅದರ ಕೆಲಸವನ್ನು ವಾಷಿಂಗ್ ಮೆಷಿನ್ ವಹಿಸಿಕೊಂಡಿದೆ. ಆದರೆ ಮುಂದಿನಿಂದ ಬಾಗಿಲು ತೆರೆಯುವ ಫ್ರಂಟ್ ಲೋಡ್ ಮೆಷಿನ್ ಒಂದು ದಿನ ಬಟ್ಟೆ ಹಿಂಡುವ ಹೊತ್ತಿಗೆ ವಿಮಾನ ಏರುವಂತೆ ಅಬ್ಬರಿಸತೊಡಗಿದರೆ ಮನೆಮಂದಿಯೆಲ್ಲ ಗಾಬರಿಯಾಗುತ್ತಾರೆ. ‘ಬೇರಿಂಗ್ ಹೋಗಿದೆ, ಸಾವಿರಾರು ರೂಪಾಯಿ ಬೇಕು’ ಎಂದು ಒಬ್ಬರು ಹೇಳುತ್ತಾರೆ. ‘ಹಳತನ್ನು ಕೊಟ್ಟು ಹೊಸತು ತನ್ನಿ’ ಎಂದು ಇನ್ನೊಬ್ಬರು. ಪ್ರಿಯ ಓದುಗರೇ, ಇಬ್ಬರ ಮಾತಿಗೂ ತಲೆಯಾಡಿಸುವ ಮೊದಲು ಅರ್ಧ ಗಂಟೆ ನೀವೇ ಪರೀಕ್ಷಿಸಿ ನೋಡಿ. ಖರ್ಚೇ ಇಲ್ಲದೆ ಸರಿಹೋಗುವ ದೋಷಗಳೂ ಇವೆ, ಒಂದು ದಿನವೂ ನಿರ್ಲಕ್ಷಿಸಬಾರದ ದೋಷಗಳೂ ಇವೆ.

ಹಿಂಡುವಾಗ ಮಾತ್ರ ಸದ್ದೇಕೆ?

ಬಟ್ಟೆ ಹಾಕುವ ಉಕ್ಕಿನ ಡ್ರಮ್ಮಿನ ಸುತ್ತ ನೀರು ನಿಲ್ಲುವ ಹೊರಗಿನ ಟಬ್ ಇರುತ್ತದೆ. ಈ ಟಬ್ ಮೇಲಿನಿಂದ ಸ್ಪ್ರಿಂಗ್‌ಗಳಲ್ಲಿ ತೂಗುತ್ತದೆ, ಕೆಳಗಿನಿಂದ ಶಾಕ್ ಅಬ್ಸಾರ್ಬರ್‌ಗಳ ಆಸರೆ ಪಡೆಯುತ್ತದೆ. ಹಿಂಡುವಾಗ ಡ್ರಮ್ ಸಾಮಾನ್ಯವಾಗಿ ನಿಮಿಷಕ್ಕೆ 1000ದಿಂದ 1400 ಸುತ್ತು ತಿರುಗುತ್ತದೆ. ಅರ್ಧ ಮೀಟರ್ ಅಗಲದ ಡ್ರಮ್ 1200 ಸುತ್ತಿನ ವೇಗದಲ್ಲಿರುವಾಗ ಅದರ ಒಂದು ಬದಿಯಲ್ಲಿ ಕೇವಲ 100 ಗ್ರಾಂ ಭಾರ ಹೆಚ್ಚಾದರೂ ಅದು ಸುಮಾರು 40 ಕಿಲೋ ತೂಕದಷ್ಟು ಬಲದಿಂದ ಹೊರಕ್ಕೆ ಸೆಳೆಯುತ್ತದೆ. ಒಗೆಯುವಾಗ ಸುಮ್ಮನಿದ್ದ ಮೆಷಿನ್ ಹಿಂಡುವಾಗ ಕುಣಿಯುವುದು ಇದರಿಂದಲೇ.

ದಡಬಡ ಸದ್ದು, ಕುಣಿತ

ಹೊಸ ಮೆಷಿನ್ ಮೊದಲ ದಿನವೇ ಕುಣಿದರೆ ಅದರ ಹಿಂಬದಿ ನೋಡಿ. ಸಾಗಾಟದಲ್ಲಿ ಡ್ರಮ್ ಅಲುಗಾಡದಂತೆ ಅಲ್ಲಿ ಮೂರು ಅಥವಾ ನಾಲ್ಕು ಉದ್ದನೆಯ ಬೋಲ್ಟ್‌ಗಳನ್ನು ಬಿಗಿದಿರುತ್ತಾರೆ. ಅವನ್ನು ತೆಗೆಯದೆ ಮೆಷಿನ್ ಓಡಿಸಲೇಬಾರದು. ತೆಗೆದ ಬೋಲ್ಟ್‌ಗಳನ್ನು ಎಸೆಯಬೇಡಿ, ಮನೆ ಬದಲಾಯಿಸುವಾಗ ಮತ್ತೆ ಬೇಕಾಗುತ್ತವೆ.

ನಂತರ ಮೆಷಿನ್‌ನ ಮೇಲ್ಭಾಗವನ್ನು ಮೂಲೆಯಿಂದ ಮೂಲೆಗೆ ಒತ್ತಿ ನೋಡಿ. ಅಲುಗಿದರೆ ಒಂದು ಕಾಲು ನೆಲಕ್ಕೆ ಊರಿಲ್ಲ ಎಂದರ್ಥ. ಕಾಲನ್ನು ತಿರುಗಿಸಿ ಸಮಮಾಡಿ, ಅದರ ಲಾಕ್ ನಟ್ ಬಿಗಿಮಾಡಿ.

ಇನ್ನು ಬಟ್ಟೆಯ ವಿಚಾರ. ಪೆರ್ನಾಳ್ ಹತ್ತಿರ ಬಂದಾಗ ಪರದೆ, ಹೊದಿಕೆ, ಮುಸಲ್ಲಾಗಳೆಲ್ಲ ಮೆಷಿನ್ ಸೇರುತ್ತವೆ. ದಪ್ಪನೆಯ ಮುಸಲ್ಲಾ ಒಂದನ್ನೇ ಹಾಕಿದರೆ ಅದು ನೀರು ಹೀರಿ ಒಂದೇ ಬದಿಗೆ ಅಂಟಿಕೊಳ್ಳುತ್ತದೆ. ಅದರೊಂದಿಗೆ ಎರಡು ಟವೆಲ್ ಸೇರಿಸಿದರೆ ಭಾರ ಹಂಚಿಹೋಗುತ್ತದೆ.

ಟಿಕ್ ಟಿಕ್, ಗೀರುವ ಸದ್ದು

ಇದು ಹೆಚ್ಚಾಗಿ ನಾಣ್ಯ, ಗುಂಡಿ ಅಥವಾ ಸ್ಕಾರ್ಫ್ ಪಿನ್ನಿನ ಕೆಲಸ. ಪ್ಲಗ್ ತೆಗೆದು, ಬಾಗಿಲಿನ ರಬ್ಬರ್ ಮಡಿಕೆಯೊಳಗೆ ಬೆರಳಾಡಿಸಿ. ಪಿನ್ ಚುಚ್ಚೀತು, ಜೋಪಾನ. ಬಳಿಕ ಮೆಷಿನ್‌ನ ಮುಂಭಾಗದ ಕೆಳಗಿರುವ ಸಣ್ಣ ಮುಚ್ಚಳ ತೆರೆದು, ನೀರನ್ನು ತಟ್ಟೆಗೆ ಬಸಿದು ಫಿಲ್ಟರ್ ಬಿಚ್ಚಿ ನೋಡಿ. ಬಿಸಿ ನೀರಿನಲ್ಲಿ ಒಗೆದಿದ್ದರೆ ತಣಿಯುವವರೆಗೆ ಕಾಯಿರಿ. ವಸ್ತು ಡ್ರಮ್ ಮತ್ತು ಟಬ್‌ಗಳ ನಡುವೆ ಸಿಕ್ಕಿದ್ದರೆ ಮೆಕ್ಯಾನಿಕ್ ಬೇಕು.

ವಿಮಾನದಂತಹ ಗರ್ಜನೆ

ವೇಗ ಏರಿದಂತೆ ಏರುವ ಗರಗರ ಸದ್ದು ಬೇರಿಂಗ್‌ನ ಲಕ್ಷಣ. ಪ್ಲಗ್ ತೆಗೆದು ಖಾಲಿ ಡ್ರಮ್ಮನ್ನು ಕೈಯಿಂದ ತಿರುಗಿಸಿ. ಮರಳು ಅರೆದಂತೆ ಕೇಳಿಸುತ್ತದೆಯೇ? ಡ್ರಮ್ಮಿನ ಅಂಚನ್ನು ಹಿಡಿದು ಮೇಲಕ್ಕೆತ್ತಿ. ಟಬ್ ಕೂಡ ಜೊತೆಯಲ್ಲಿ ಎದ್ದರೆ ಅದು ಸಹಜ. ಡ್ರಮ್ ಮಾತ್ರ ಟಬ್ಬಿನೊಳಗೆ ಲಟಲಟ ಆಡಿದರೆ ಬೇರಿಂಗ್ ಸವೆದಿದೆ, ಅಥವಾ ಡ್ರಮ್ಮಿನ ಬೆನ್ನಿಗಿರುವ ಮೂರು ತೋಳಿನ ಆಧಾರ ಬಿರುಕು ಬಿಟ್ಟಿದೆ. ಹಾಗಿದ್ದರೆ ಮೆಷಿನ್ ಬಳಸುವುದನ್ನು ನಿಲ್ಲಿಸಿ. ಆ ವೇಗದಲ್ಲಿ ಡ್ರಮ್ ಕಳಚಿದರೆ ಟಬ್ ಒಡೆಯಬಹುದು, ಬಾಗಿಲಿನ ಗಾಜು ಸಿಡಿಯಬಹುದು. ಮಕ್ಕಳಿರುವ ಮನೆಯಲ್ಲಿ ಇದು ಹುಡುಗಾಟದ ಮಾತಲ್ಲ.

ಡ್ರಮ್ ಗಟ್ಟಿಯಾಗಿದ್ದರೆ ಅದನ್ನು ಕೆಳಕ್ಕೆ ಒತ್ತಿ ಬಿಡಿ. ಒಮ್ಮೆ ಎದ್ದು ನಿಂತರೆ ಸರಿ. ತೊಟ್ಟಿಲಿನಂತೆ ತೂಗುತ್ತಿದ್ದರೆ ಶಾಕ್ ಅಬ್ಸಾರ್ಬರ್ ಸೋತಿದೆ. ಕೊನೆಗೆ ಬಟ್ಟೆ ಹಾಕದೆ ಬರೀ ಸ್ಪಿನ್ ಕೊಡಿ. ಖಾಲಿ ಮೆಷಿನ್ ಶಾಂತವಾಗಿ ತಿರುಗಿದರೆ ದೋಷ ಬಟ್ಟೆ ತುಂಬುವ ರೀತಿಯಲ್ಲಿರುವ ಸಾಧ್ಯತೆಯೇ ಹೆಚ್ಚು.

ಮೆಕ್ಯಾನಿಕ್ ಬಂದಾಗ

ನೀವು ಕಂಡದ್ದನ್ನು ಅವರಿಗೆ ಹೇಳಿ. ‘ದೋಷ ಎಲ್ಲಿದೆ, ತೋರಿಸಿ’ ಎಂದು ವಿನಯದಿಂದ ಕೇಳಿ. ಹಳೆಯ ಭಾಗವನ್ನು ಕೇಳಿ ಪಡೆಯಿರಿ, ಬಿಲ್ ಇಟ್ಟುಕೊಳ್ಳಿ. ಕೆಲವು ಮೆಷಿನ್‌ಗಳ ಟಬ್ಬನ್ನು ಬಿಚ್ಚಲಾಗದಂತೆ ಬೆಸೆದಿರುತ್ತಾರೆ. ಅಂತಹವುಗಳಲ್ಲಿ ಬೇರಿಂಗ್ ಹೋದರೆ ಇಡೀ ಟಬ್ ಬದಲಾಯಿಸಲು ಹೇಳುವುದುಂಟು. ‘ಮೋಟರ್‌ಗೆ 10 ವರ್ಷ ವಾರಂಟಿ’ ಎಂಬ ಬರಹ ಸಾಮಾನ್ಯವಾಗಿ ಮೋಟರ್‌ಗೆ ಮಾತ್ರ ಅನ್ವಯಿಸುತ್ತದೆ. ಖರೀದಿಸುವ ದಿನವೇ ಈ ಎರಡನ್ನೂ ವಿಚಾರಿಸಿ. ಮೋಸವಾಗಿದೆಯೆನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಬೇರಿಂಗ್ ಸಾಮಾನ್ಯವಾಗಿ ಕೆಡುವುದು ಅದನ್ನು ಕಾಯುವ ರಬ್ಬರ್ ಸೀಲ್ ಸವೆದು ನೀರು ಒಳನುಗ್ಗಿದಾಗ. ಡ್ರಮ್ಮಿಗೆ ಬಟ್ಟೆ ತುರುಕಬೇಡಿ, ಕಡಿಮೆ ನೊರೆಯ ಪುಡಿಯನ್ನೇ ಅಳತೆಯಲ್ಲಿ ಹಾಕಿ, ಜೇಬು ತಡಕಿದ ನಂತರವೇ ಬಟ್ಟೆ ಹಾಕಿ.

ಫ್ಲ್ಯಾಟ್‌ನಲ್ಲಿರುವವರಿಗೆ ಇನ್ನೊಂದು ಮಾತು. ನಿಮ್ಮ ಮೆಷಿನ್‌ನ ಅದುರುವಿಕೆ ಕೆಳಗಿನ ಮನೆಯವರ ತಲೆಯ ಮೇಲೆ ಗುಡುಗುತ್ತದೆ. ಅಲ್ಲಿ ರೋಗಿಯೋ, ಆಗತಾನೇ ಮಲಗಿದ ಮಗುವೋ ಇರಬಹುದು. ನೆರೆಯವರಿಗೆ ತೊಂದರೆ ಕೊಡುವುದರ ವಿರುದ್ಧ ಪ್ರವಾದಿವರ್ಯರು(ಸ) ನೀಡಿದ ಎಚ್ಚರಿಕೆ ನಮಗೆಲ್ಲ ತಿಳಿದದ್ದೇ. ಇಶಾ ನಮಾಝಿನ ಬಳಿಕವೂ ಸುಬ್‌ಹಿಗೆ ಮುಂಚೆಯೂ ಸ್ಪಿನ್ ಕೊಡದಿರುವುದು ಅದರ ಒಂದು ಸಣ್ಣ ಪಾಲನೆ.

ಪ್ರವಾದಿವರ್ಯರು(ಸ) ತಮ್ಮ ಚಪ್ಪಲಿಯನ್ನು ತಾವೇ ಸರಿಪಡಿಸಿಕೊಳ್ಳುತ್ತಿದ್ದರು, ಬಟ್ಟೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರು ಎಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ. ಸರಿಪಡಿಸಬಹುದಾದದ್ದನ್ನು ಎಸೆಯದಿರುವುದು ಜಿಪುಣತನವಲ್ಲ, ಅದು ಕೂಡ ಸುನ್ನತ್ತಿನ ಹಾದಿಯೇ. ಈ ವಾರ ಬಟ್ಟೆ ಒಗೆಯುವ ಮುನ್ನ ಒಮ್ಮೆ ಪ್ಲಗ್ ತೆಗೆದು, ಡ್ರಮ್ಮನ್ನು ಕೈಯಿಂದ ತಿರುಗಿಸಿ, ಕಿವಿಗೊಟ್ಟು ಕೇಳಿ.