ಬಸ್ಸಲ್ಲಿ ರ‍್ಯಾಂಪ್ ಇದೆ, ಆದ್ರೂ ವೀಲ್‌ಚೇರ್ ಹತ್ತೋದು ಯಾಕಿಷ್ಟು ಕಷ್ಟ? ಡ್ರೈವರ್ ಸೀಟಿನಿಂದ ನೋಡೋಣ

(ಸಂಚಿಕೆಯ ಅಕ್ಷರ ರೂಪ)

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೇ ಕೂತು ಇದನ್ನ ಕೇಳ್ತಿದ್ದೀರಾ? ಹಾಗಿದ್ರೆ ಒಂದು ಪ್ರಶ್ನೆ. ವೀಲ್‌ಚೇರ್‌ನಲ್ಲಿರೋರು ಸಿಟಿ ಬಸ್ ಹತ್ತಿದ್ದನ್ನ ನೀವು ಕೊನೇ ಸಲ ನೋಡಿದ್ದು ಯಾವಾಗ? ನಾನು ಬೆಂಗಳೂರಲ್ಲಿ ದಿನಾ ಬಸ್ಸಲ್ಲೇ ಓಡಾಡೋನು. ಬೆರಳೆಣಿಕೆಯಷ್ಟು ಸಲ ನೋಡಿದ್ದೀನಿ, ಅಷ್ಟೇ.

ಈ ಮಾತು ಬಂದಾಗ ಮೊದಲ ಬೈಗುಳ ಡ್ರೈವರ್‌ಗೇ. ‘ನಿಲ್ಲಿಸಲೇ ಇಲ್ಲ ನೋಡಿ’ ಅಂತೀವಿ. ಕೆಲವು ಸಲ ಅದು ನಿಜವೂ ಹೌದು. ಆದರೆ ಹತ್ತಿಸಿಕೊಳ್ಳಬೇಕು ಅನ್ನೋ ಮನಸ್ಸಿರೋ ಡ್ರೈವರ್‌ಗೂ ಏನೇನು ಅಡ್ಡ ಬರುತ್ತೆ? ಇವತ್ತು ಅದನ್ನ ಬಿಡಿಸಿ ನೋಡೋಣ.

ಮೊದಲು ಎತ್ತರದ ಲೆಕ್ಕ. ನಮ್ಮ ನಗರ ಬಸ್‌ಗಳಲ್ಲಿ ಮೂರು ಥರ. ಮಾಮೂಲಿ ಬಸ್ಸಿನ ನೆಲ ರಸ್ತೆಯಿಂದ ಸುಮಾರು 900 ಮಿಲಿಮೀಟರ್ ಎತ್ತರ, ಸೆಮಿ ಲೋ ಫ್ಲೋರ್ 650, ಲೋ ಫ್ಲೋರ್ 400. ಮಾಮೂಲಿ ಬಸ್ಸಿಗೆ ಮೆಟ್ಟಿಲು ಹತ್ತಲೇಬೇಕು. ಅಂದ್ರೆ ಮನುಷ್ಯರನ್ನೇ ಎತ್ತಿ ಒಳಗೆ ಕೂರಿಸಬೇಕು. ಎತ್ತೋರ ಸೊಂಟಕ್ಕೂ ಪೆಟ್ಟು, ಎತ್ತಿಸಿಕೊಳ್ಳೋರಿಗೂ ಬೀಳೋ ಭಯ, ಮುಜುಗರ ಬೇರೆ.

ಸರಿ, ಲೋ ಫ್ಲೋರ್ ಬಸ್ ಬಂತು, ರ‍್ಯಾಂಪೂ ಇದೆ ಅಂತಿಟ್ಕೊಳ್ಳಿ. ಕಟ್ಟಡದ ರ‍್ಯಾಂಪ್‌ಗೆ ಒಂದು ಸೂತ್ರ ಇದೆ: ಒಂದು ಅಡಿ ಏರೋಕೆ ಹನ್ನೆರಡು ಅಡಿ ಉದ್ದ ಬೇಕು. ಬಸ್ಸಿನ ರ‍್ಯಾಂಪ್ ಅಷ್ಟುದ್ದ ಇರೋಕಾಗಲ್ಲ. ಅದು ಒಂದು ಮೀಟರ್ ಇದೆ ಅಂದ್ಕೊಳ್ಳಿ. ಬಸ್ 150 ಮಿಲಿಮೀಟರ್ ಎತ್ತರದ ಫುಟ್‌ಪಾತಿಗೆ ಅಂಟಿಕೊಂಡು ನಿಂತರೆ ಏರಬೇಕಾದ್ದು 250 ಮಿಲಿಮೀಟರ್. ನಾಲ್ಕಕ್ಕೆ ಒಂದು. ಕಷ್ಟ, ಆದರೆ ಹಿಂದಿನಿಂದ ಒಬ್ಬರು ತಳ್ಳಿದರೆ ಆಗುತ್ತೆ. ಬಾಗಿಲ ಕಡೆಗೆ ಬಗ್ಗೋ ಸೌಲಭ್ಯ ಬಸ್ಸಿಗಿದ್ರೆ ಇನ್ನೂ ಸುಲಭ. ಆದರೆ ಅದೇ ಬಸ್ ರಸ್ತೆ ಮಧ್ಯ ನಿಂತು ರ‍್ಯಾಂಪ್ ಡಾಂಬರಿನ ಮೇಲೆ ಬಿದ್ರೆ? ಪೂರ್ತಿ 400 ಏರಬೇಕು. ಎರಡೂವರೆಗೆ ಒಂದು. ಅದು ಏಣಿ ಇದ್ದ ಹಾಗೆ!

ಹಾಗಾದ್ರೆ ಡ್ರೈವರ್ ಫುಟ್‌ಪಾತ್ ಪಕ್ಕಕ್ಕೇ ಯಾಕೆ ತರಲ್ಲ? ಸ್ಟಾಪಲ್ಲಿ ಸಾಲಾಗಿ ಆಟೋ, ಬೈಕು, ತಳ್ಳೋಗಾಡಿ. ಹನ್ನೆರಡು ಮೀಟರ್ ಉದ್ದದ ಬಸ್ಸನ್ನ ಆ ಸಂದಿಗೆ ನೇರವಾಗಿ ತರೋಕೆ ಮುಂದೆ ಹಿಂದೆ ಸಾಕಷ್ಟು ಜಾಗ ಬೇಕು. ಸ್ಟಾಪಲ್ಲಿ ಬೈಕ್ ಬಿಟ್ಟು ಟೀ ಕುಡಿಯೋಕೆ ಹೋದೋರು ಗೊತ್ತಿಲ್ಲದೇ ಆ ರ‍್ಯಾಂಪನ್ನ ಕೆಲಸಕ್ಕೆ ಬಾರದ ಹಾಗೆ ಮಾಡಿರ್ತಾರೆ.

ಇನ್ನೊಂದು, ಕಾಣಿಸೋದೇ ಇಲ್ಲ. ಡ್ರೈವರ್ ಕೂರೋದು ಬಲಗಡೆ, ಜನ ಇರೋದು ಎಡಗಡೆ. ವೀಲ್‌ಚೇರ್‌ನಲ್ಲಿ ಕೂತವರ ತಲೆ, ನಿಂತವರ ಎದೆ ಮಟ್ಟಕ್ಕಿರುತ್ತೆ. ಬಸ್ ಬಂದ ತಕ್ಷಣ ಎಲ್ಲರೂ ಮುಂದೆ ನುಗ್ತಾರೆ, ಅವರು ಹಿಂದೆ ಮರೆಯಾಗ್ತಾರೆ.

ಮತ್ತೆ ಟೈಮು. ರ‍್ಯಾಂಪ್ ಬಿಚ್ಚಬೇಕು, ಹತ್ತಿಸಬೇಕು, ವೀಲ್‌ಚೇರನ್ನ ಅದರ ಜಾಗದಲ್ಲಿಟ್ಟು ಬ್ರೇಕ್ ಹಾಕಿ ಬೆಲ್ಟ್ ಕಟ್ಟಬೇಕು. ಬೆಲ್ಟ್ ಕಟ್ಟದೆ ಹೊರಟರೆ, ಒಂದು ಸಡನ್ ಬ್ರೇಕಿಗೆ ಗಾಲಿ ಉರುಳಿಬಿಡುತ್ತೆ. ಇದಕ್ಕೆ ಕೆಲವು ನಿಮಿಷ ಬೇಕು. ಅಷ್ಟರಲ್ಲಿ ಹಿಂದೆ ಹಾರ್ನ್, ಒಳಗೆ ಗೊಣಗಾಟ, ತಲೆಯಲ್ಲಿ ಟ್ರಿಪ್ ಲೇಟಾಗುತ್ತೆ ಅನ್ನೋ ಚಿಂತೆ. ವೀಲ್‌ಚೇರ್ ಜಾಗದಲ್ಲಿ ಆಗಲೇ ನಾಲ್ಕು ಜನ ನಿಂತಿದ್ರೆ ಅವರನ್ನ ಸರಿಸೋ ಕೆಲಸವೂ ಸೇರ್ಕೊಳ್ಳುತ್ತೆ.

ಹಾಗಾದ್ರೆ ಸೀಟಿಂದ ಇಳಿದು ರ‍್ಯಾಂಪ್ ಬಿಚ್ಚೋರು ಯಾರು, ಡ್ರೈವರ್ರಾ ಕಂಡಕ್ಟರ್ರಾ? ಗುತ್ತಿಗೆ ಮೇಲೆ ಓಡೋ ಎಲೆಕ್ಟ್ರಿಕ್ ಬಸ್‌ಗಳಲ್ಲಿ ಡ್ರೈವರ್ ಖಾಸಗಿ ಕಂಪನಿಯವರು, ಕಂಡಕ್ಟರ್ ನಿಗಮದವರು. ಕೆಲಸ ಯಾರದು ಅಂತ ಮೊದಲೇ ತೀರ್ಮಾನ ಆಗಿರದಿದ್ರೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡ್ಕೊಂಡು ಕೂರ್ತಾರೆ.

ಕಾನೂನು ಮಾತ್ರ ಸ್ಪಷ್ಟವಾಗಿದೆ. ಅಂಗವಿಕಲರ ಹಕ್ಕುಗಳ ಕಾಯ್ದೆ 2016, ಅದರ 41ನೇ ಸೆಕ್ಷನ್, ಸಾರಿಗೆ ಎಲ್ಲರಿಗೂ ಸಿಗೋ ಹಾಗೆ ಮಾಡೋದು ಸರ್ಕಾರದ ಹೊಣೆ ಅನ್ನುತ್ತೆ. 2020ರ ಮಾರ್ಚ್ 1ರಿಂದ ಜಾರಿಯಾದ ಮೋಟಾರು ವಾಹನ ನಿಯಮದ ತಿದ್ದುಪಡಿ, ಬಸ್ಸಲ್ಲಿ ವೀಲ್‌ಚೇರ್ ಹತ್ತಿಸೋ, ಅದನ್ನ ಭದ್ರವಾಗಿ ನಿಲ್ಲಿಸೋ ವ್ಯವಸ್ಥೆ ಬಗ್ಗೆಯೂ ಹೇಳುತ್ತೆ. ಆದರೆ ಕಾನೂನಿಗೆ ಬಸ್ಸಲ್ಲಿ ರ‍್ಯಾಂಪ್ ಇಡಿಸೋಕೆ ಆಗುತ್ತೆ, ಅದನ್ನ ಬಿಚ್ಚೋ ಅಭ್ಯಾಸ ಡಿಪೋದಲ್ಲೇ ಆಗಬೇಕು.

ನನಗೆ ಕಾಡೋದು ಇದೇ ಚಕ್ರ. ವೀಲ್‌ಚೇರ್‌ನೋರು ಬರಲ್ಲ ಅಂತ ಅಭ್ಯಾಸ ಇಲ್ಲ. ಅಭ್ಯಾಸ ಇಲ್ಲ ಅಂತ ಹತ್ತಿಸ್ಕೊಳ್ಳೋಕೆ ಹಿಂಜರಿಕೆ. ಎರಡು ಸಲ ಬಸ್ ನಿಲ್ಲದೆ ಹೋದ್ರೆ ಅವರು ಮೂರನೇ ಸಲ ಸ್ಟಾಪಿಗೇ ಬರಲ್ಲ. ಬಳಸದ ರ‍್ಯಾಂಪಿನ ಕೀಲು ಧೂಳು ತುಂಬಿ ಬಿಗಿಯುತ್ತೆ. ಇದರ ಬೆಲೆ ಕಟ್ಟೋರು ಮನೆಯಲ್ಲೇ ಉಳಿದವರು: ದಿನಾ ಆಟೋಗೆ ದುಡ್ಡು ಕೊಡೋಕಾಗದೆ ಕಾಲೇಜು ಬಿಟ್ಟವರು, ಸಿಕ್ಕ ಕೆಲಸಕ್ಕೆ ಹೋಗೋಕಾಗದವರು.

ನಾವೇನು ಮಾಡಬಹುದು? ಸ್ಟಾಪಲ್ಲಿ ಗಾಡಿ ನಿಲ್ಲಿಸಬೇಡಿ. ವೀಲ್‌ಚೇರ್ ಕಂಡ್ರೆ, ಬಸ್ ಬರುವಾಗಲೇ ಮುಂದೆ ಹೋಗಿ ಕೈ ತೋರಿಸಿ, ‘ವೀಲ್‌ಚೇರ್ ಇದೆ ಸಾರ್, ಹತ್ತಿರ ಹಾಕಿ’ ಅನ್ನಿ. ಕೂತವರನ್ನ ಕೇಳದೆ ಎತ್ತೋಕೆ, ತಳ್ಳೋಕೆ ಹೋಗಬೇಡಿ. ಹೇಗೆ ಹಿಡಿಯಬೇಕು ಅಂತ ಅವರಿಗೇ ಚೆನ್ನಾಗಿ ಗೊತ್ತು. ಒಳಗಿದ್ರೆ ಜಾಗ ಬಿಡಿ. ಬೆಲ್ಟ್ ಕಟ್ಟೋ ತನಕ ‘ರೈಟ್ ರೈಟ್’ ಅಂತ ಯಾರೂ ಅವಸರ ಮಾಡದ ಹಾಗೆ ನೋಡ್ಕೊಳ್ಳಿ.

ಇವತ್ತಿಗೆ ಇಷ್ಟು. ನಿಮ್ಮ ರೂಟಿನ ಬಸ್ಸಲ್ಲಿ ರ‍್ಯಾಂಪ್ ಎಲ್ಲಿದೆ ಅಂತ ನಾಳೆ ಒಂದ್ಸಲ ನೋಡಿ. ಮತ್ತೆ ಸಿಗೋಣ.